ಕೆಂಚನ ಕಾಲುದಾರಿ

ಮುನಿರಾಬಾದಿಗೆ ಬರುವವರಲ್ಲಿ ಹೆಚ್ಚಿನವರು ಎರಡೇ ಕಡೆ ಹೋಗುತ್ತಾರೆ. ಒಂದು, ತುಂಗಭದ್ರಾ ಅಣೆಕಟ್ಟೆ. ಇನ್ನೊಂದು, ಪಕ್ಕದ ಹುಲಿಗಿಯ ಹುಲಿಗೆಮ್ಮನ ಗುಡಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಹುಲಿಗಿಯ ದಾರಿ ಟಂಟಂ, ಟ್ರ್ಯಾಕ್ಟರು, ಬಸ್ಸುಗಳಿಂದ ಗಿಜಿಗುಡುತ್ತದೆ. ಮಳೆಗಾಲದಲ್ಲಿ ಕ್ರಸ್ಟ್‌ಗೇಟ್ ತೆಗೆದ ಸುದ್ದಿ ಹಬ್ಬಿದರೆ ಜನ ಡ್ಯಾಮಿನ ಕಡೆ ತಿರುಗುತ್ತಾರೆ, ಪಂಪಾವನದಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಈ ಎರಡರ ನಡುವೆ ಯಾರೂ ನೋಡಲು ಬಾರದ ನೆಲವೊಂದಿದೆ. ಹಳೆಯ ಕ್ವಾರ್ಟರ್ಸುಗಳ ಹಿಂದೆ, ಕಾಲುವೆ ಏರಿಯ ಕೆಳಗೆ, ಬಂಡೆಗುಡ್ಡಗಳ ಬುಡದಲ್ಲಿ, ಹೊಳೆಯ ದಂಡೆಯವರೆಗೂ ಹರಡಿಕೊಂಡ ಜಾಲಿ, ಹುಲ್ಲು, ಕಲ್ಲುಗಳ ನೆಲ. ದಿನಾ ಬೆಳಗ್ಗೆ ನಾನೂ ನನ್ನ ನಾಯಿ ಕೆಂಚನೂ ನಡೆಯುವುದು ಅಲ್ಲಿ.

ದೂರದ ಊರುಗಳನ್ನು ನಾನೂ ಸುತ್ತಿದ್ದೇನೆ. ಆದರೆ ಇಷ್ಟು ನಿಧಾನವಾಗಿ, ಇಷ್ಟು ಸಲ, ಇಷ್ಟು ಹತ್ತಿರದಿಂದ ಬೇರೆ ಯಾವ ನೆಲವನ್ನೂ ನೋಡಿಲ್ಲ. ಆ ನಿಧಾನ ಕೆಂಚನದು. ಒಂದು ಎಕ್ಕೆಗಿಡದ ಬುಡದಲ್ಲಿ ಮೂಗಿಟ್ಟನೆಂದರೆ ಅವನಿಗೆ ಓದಿ ಮುಗಿಯುವವರೆಗೆ ನಾನೂ ನಿಲ್ಲಬೇಕು. ವಾಸನೆ ಹಿಡಿಯುವ ಕೋಶಗಳು ಮನುಷ್ಯನ ಮೂಗಿನಲ್ಲಿ ಐವತ್ತು ಅರವತ್ತು ಲಕ್ಷವಿದ್ದರೆ ನಾಯಿಯ ಮೂಗಿನಲ್ಲಿ ಮೂವತ್ತು ಕೋಟಿಯವರೆಗೆ ಇರಬಹುದೆಂದು ಅಂದಾಜಿದೆ. ರಾತ್ರಿ ಯಾರು ಬಂದರು, ಯಾವ ಕಡೆ ಹೋದರು, ಹಸಿದಿದ್ದರೋ ಹೆದರಿದ್ದರೋ ಎಲ್ಲವೂ ಅವನಿಗೆ ಆ ಬುಡದಲ್ಲಿ ಸಿಗುತ್ತದೆ. ನನಗೆ ಸಿಗುವುದು ಕಾಯುವ ಹೊತ್ತು. ಆ ಹೊತ್ತಿನಲ್ಲೇ ನಾನು ಈ ನೆಲವನ್ನು ಕಲಿತೆ.

ಈ ನೆಲದ ಕಥೆ ಅಣೆಕಟ್ಟೆಯಿಂದ ಶುರುವಾಗುತ್ತದೆ. 1945ರ ಫೆಬ್ರುವರಿ 28ರಂದು ತುಂಗಭದ್ರೆಗೆ ಎರಡೂ ದಂಡೆಯಲ್ಲಿ ಅಡಿಗಲ್ಲು ಬಿತ್ತು. ಆಗ ಹೊಳೆಯ ಆಚೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯ, ಈಚೆಯ ಮುನಿರಾಬಾದ್ ಹೈದರಾಬಾದ್ ಸಂಸ್ಥಾನ. ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್ ಕಲ್ಲಿಟ್ಟರೆ ಎಡದಂಡೆಯಲ್ಲಿ ನಿಜಾಮರ ಹಿರಿಯ ಮಗ, ಬೇರಾರಿನ ರಾಜಕುಮಾರ ಇಟ್ಟರು. ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಲ್ಲು ಕೂರಿಸಿ ಕಟ್ಟಿದ ಆ ಕಟ್ಟೆಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅಷ್ಟು ವರ್ಷ ಇಲ್ಲಿ ಸಾವಿರಾರು ಜನರ ಬಿಡಾರವಿತ್ತು. ಕಲ್ಲು ಒಡೆದವರು, ಗಾರೆ ಹೊತ್ತವರು, ಲೆಕ್ಕ ಬರೆದವರು, ನಕಾಶೆ ತೆಗೆದವರು. ಕೆಲಸ ಮುಗಿಯಿತು, ಜನ ಕರಗಿದರು. ಕಲ್ಲು ತೆಗೆದ ಗುಂಡಿಗಳು, ಸಾಲು ಮನೆಗಳು, ಅವರು ನೆಟ್ಟ ಬೇವು ಹುಣಸೆ ಉಳಿದವು. ಜಲಾಶಯದೊಳಗೆ ತೊಂಬತ್ತರಷ್ಟು ಹಳ್ಳಿಗಳು ಮುಳುಗಿ ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಹೋದದ್ದು ಅದೇ ಕಾಲದಲ್ಲಿ. ನಮ್ಮೂರಿನ ಪಾಳು ಅಂದರೆ ಬರೀ ಬಿಟ್ಟುಹೋದ ಜಾಗವಲ್ಲ. ಅದರ ಹಿಂದೆ ದೊಡ್ಡದೊಂದು ಕೆಲಸವೂ ಅದಕ್ಕಿಂತ ದೊಡ್ಡ ಕಳಕೊಳ್ಳುವಿಕೆಯೂ ಇದೆ.

ಆ ಸಾಲುಮನೆಗಳಲ್ಲಿ ಕೆಲವಕ್ಕೆ ಈಗ ಛಾವಣಿಯಿಲ್ಲ. ಅಡುಗೆಮನೆಯಿದ್ದ ಕಡೆ ಬೇವು ಎದ್ದಿದೆ, ಬಚ್ಚಲಿದ್ದ ಕಡೆ ಆಡುಮುಟ್ಟದ ಬಳ್ಳಿ ಹಬ್ಬಿದೆ. ಗೋಡೆಯ ಗೂಡಿನಲ್ಲಿ ದೀಪದ ಮಸಿ ಮಾತ್ರ ಹಾಗೇ ಇದೆ. ಕೆಂಚ ಇಂಥ ಮನೆಗಳ ಹೊಸ್ತಿಲಲ್ಲಿ ನಿಂತು ಒಳಗಿನ ಗಾಳಿ ಹೀರಿ, ಮುಂಗುಸಿಯೋ ಉಡವೋ ಇದ್ದರೆ ಕಿವಿ ನಿಮಿರಿಸುತ್ತಾನೆ. ಹಾವಿದ್ದರೆ ಮಾತ್ರ ಬೇರೆ. ಬಾಲ ಇಳಿದು, ಕುತ್ತಿಗೆಯ ಕೂದಲೆದ್ದು, ಒಂದು ಕಾಲು ಎತ್ತಿ ಹಾಗೇ ನಿಲ್ಲುತ್ತಾನೆ. ಕೊಳಕುಮಂಡಲ ಸುರುಳಿ ಸುತ್ತಿ ಕೂತದ್ದನ್ನು ಅವನು ಹಾಗೆ ನಿಂತದ್ದರಿಂದಲೇ ನಾನು ಒಮ್ಮೆ ದೂರದಿಂದ ಕಂಡೆ. ಆ ಬಣ್ಣಕ್ಕೂ ಒಣಗಿದ ಬೇವಿನೆಲೆಗೂ ನನ್ನ ಕಣ್ಣು ವ್ಯತ್ಯಾಸ ಹಿಡಿಯುತ್ತಿರಲಿಲ್ಲ.

ಕೆಂಚ ಕುರಿಗಾಹಿಗಳ ಮರಿ. ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಹಿಂಡುಗಳು ನೀರಾವರಿಯ ಕೆಳಗಿಳಿಯುತ್ತವೆ. ಗೊಬ್ಬರಕ್ಕೆಂದು ರೈತರು ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಬದಲಿಗೆ ಕಾಳೋ ರೊಕ್ಕವೋ ಕೊಡುತ್ತಾರೆ. ಹಾಗೆ ಬಂದ ಒಂದು ಹಿಂಡಿನ ಹೆಣ್ಣುನಾಯಿ ಕಾಲುವೆಯ ಪಕ್ಕ ಮರಿ ಹಾಕಿತ್ತು. ಹೊರಡುವ ದಿನ ಹಿರಿಯ ಕುರಿಗಾಹಿ ಒಂದು ಮರಿಯನ್ನು ಕಂಬಳಿಯ ಅಂಚಿನಲ್ಲಿ ಸುತ್ತಿ ತಂದು, 'ಇದನ್ನ ಸಾಕ್ರಿ ಮಾಸ್ತರ. ಇದರ ಅವ್ವ ತ್ವಾಳದ ಮುಂದ ನಿಂತಾಕಿ' ಎಂದ. ಮೈಯೆಲ್ಲ ಕೆಂಚು, ಮೂತಿ ಮಾತ್ರ ಕಪ್ಪು. ಹೆಸರು ಬೇರೆ ಇಡುವ ಅಗತ್ಯವೇ ಬೀಳಲಿಲ್ಲ.

ದಾರಿಯಲ್ಲಿ ಸಿಕ್ಕವರು 'ಮುಧೋಳ ನಾಯೇನ್ರಿ?' ಎಂದು ಕೇಳುತ್ತಾರೆ. ಅವನ ಉದ್ದ ಕಾಲು, ಸಣ್ಣ ನಡು ನೋಡಿ ಹಾಗನ್ನಿಸುತ್ತದೆ. ಮುಧೋಳದ ತಳಿಗೆ ಸಂಸ್ಥಾನದ ಘೋರ್ಪಡೆ ಅರಸರ ಆಸರೆ ಇತ್ತು. ಇಂದು ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೂ ಇದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಅದರ ಚಿತ್ರ ಬಂತು. ಅದು ನ್ಯಾಯವಾದ ಗೌರವವೇ. ಆದರೆ ರಾತ್ರಿಯೆಲ್ಲ ಕುರಿಹಟ್ಟಿ ಸುತ್ತಿ, ಬೆಳಗ್ಗೆ ಒಂದು ತುಂಡು ಜೋಳದ ರೊಟ್ಟಿಗೆ ಬಾಲ ಆಡಿಸುವ ಹೆಸರಿಲ್ಲದ ನಾಯಿಗಳ ದುಡಿಮೆ ದೊಡ್ಡದು. ಈ ಸೀಮೆಯ ಕುರಿಗಳು ಉಳಿದದ್ದು ಅವುಗಳಿಂದ. ಯಾವ ದಾಖಲೆಯಲ್ಲೂ ಅವುಗಳ ವಂಶಾವಳಿ ಇಲ್ಲ.

ಕ್ವಾರ್ಟರ್ಸು ದಾಟಿದರೆ ಜಾಲಿ ಶುರು. ನಾವು ಬಳ್ಳಾರಿ ಜಾಲಿ ಅನ್ನುತ್ತೇವೆ, ಆದರೆ ಅದು ಬಳ್ಳಾರಿಯದೂ ಅಲ್ಲ, ಈ ದೇಶದ್ದೂ ಅಲ್ಲ. ಅಮೆರಿಕ ಖಂಡದ ಒಣಸೀಮೆಯ ಗಿಡ. ಉರುವಲಿನ ಕೊರತೆ ನೀಗಲಿ ಎಂದು ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿಗಳು ಜಮೈಕಾದಿಂದ ಬೀಜ ತರಿಸಿ 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಹಾಕಿಸಿದರು. ಆಮೇಲೆ ಅದಕ್ಕೆ ಯಾರ ಸಹಾಯವೂ ಬೇಕಾಗಲಿಲ್ಲ. ಆಡು ಕುರಿ ಸಿಹಿ ಕಾಯಿ ತಿನ್ನುತ್ತವೆ, ಬೀಜ ಹೊಟ್ಟೆಯಲ್ಲಿ ಮೆತ್ತಗಾಗಿ ಹಿಕ್ಕೆಯೊಂದಿಗೆ ಬೀಳುತ್ತದೆ, ಗೊಬ್ಬರದ ಜೊತೆಗೇ ಮೊಳೆಯುತ್ತದೆ. ಕಡಿದರೆ ಬುಡದಿಂದ ನಾಲ್ಕು ಟಿಸಿಲು. ನಮ್ಮದೇ ಆದ ಕರಿಜಾಲಿ, ಬಾರೆ, ತಂಗಡಿಗಳನ್ನು ಅದು ಮೂಲೆಗೆ ತಳ್ಳಿದೆ, ಹುಲ್ಲುಗಾವಲನ್ನು ನುಂಗಿದೆ.

ಅದನ್ನು ಬೈಯುವುದು ಸುಲಭ. ದಿನಾ ಅದರ ನಡುವೆ ನಡೆಯುವವನಿಗೆ ಅಷ್ಟು ಸುಲಭವಲ್ಲ. ಹೊರಗಿನಿಂದ ನೋಡಿದರೆ ಕೈ ತೂರದ ಮುಳ್ಳಿನ ಗೋಡೆ. ಕೆಂಚನ ಎತ್ತರಕ್ಕೆ ಬಗ್ಗಿ ನೋಡಿದರೆ ಒಳಗೆಲ್ಲ ಓಣಿಗಳು. ಹಂದಿ ಮಾಡಿದ ಓಣಿ, ಮೊಲ ಮಾಡಿದ ಸಂದಿ, ನವಿಲುಗಳು ಕಾಲಾಡಿಸಿ ಗುಡಿಸಿದ ಅಂಗಳ. ಗೌಜಲ ಹಕ್ಕಿ ಬೆಳಗಿನ ಜಾವ ಕೂಗುವುದು ಇಲ್ಲಿಂದಲೇ. ಸೌದೆ ಆರಿಸಲು ಬರುವ ಹುಲಿಗಿಯ ಹೆಣ್ಣುಮಗಳೊಬ್ಬಳನ್ನು ಕೇಳಿದೆ: 'ಯವ್ವಾ, ಇದನ್ನೆಲ್ಲ ಕಡಿದು ಹಸನ ಮಾಡಿದ್ರ ಚಲೋ ಆಗತಿತ್ತೇನು?' ಆಕೆ ಸೌದೆಯ ಹೊರೆಗೆ ಹಗ್ಗ ಬಿಗಿಯುತ್ತ, 'ಹಸನ ಮಾಡಿದ್ರ ಒಲಿಗೆ ಏನ್ ಹಾಕೂದ್ರಿ ಮಾಸ್ತರ? ಗ್ಯಾಸು ತುಂಬಸಾಕ ತಿಂಗಳಾ ತಿಂಗಳಾ ರೊಕ್ಕ ಎಲ್ಲಿಂದ ತರೂದು?' ಎಂದಳು. ಜಾಲಿಯನ್ನು ತೆಗೆಯಲೇಬೇಕು, ಆದರೆ ಅದರ ಜಾಗದಲ್ಲಿ ಕರಿಜಾಲಿ, ಬಾರೆ, ಹುಲ್ಲು ಬರುವಂತೆ ನೋಡಿಕೊಳ್ಳುತ್ತ, ತುಂಡು ತುಂಡಾಗಿ ತೆಗೆಯಬೇಕು ಎಂಬುದು ನನ್ನ ಅಭಿಪ್ರಾಯ. ಜೆಸಿಬಿ ತಂದು ಒಂದೇ ದಿನಕ್ಕೆ ಬೋಳಿಸಿದ ನೆಲದಲ್ಲಿ ಮೊದಲು ಬರುವುದು ಕಾಂಗ್ರೆಸ್ ಕಸ, ಅದರ ಹಿಂದೆ ಮತ್ತೆ ಅದೇ ಜಾಲಿ. ಕಣ್ಣಾರೆ ನೋಡಿದ್ದೇನೆ.

ಮಳೆ ನಿಂತ ಮೇಲಿನ ಎರಡು ತಿಂಗಳು ನಡಿಗೆಗೆ ಕಷ್ಟದ ಕಾಲ. ಉತ್ರಾಣಿ ಕಾಳು ಕೆಂಚನ ಹೊಟ್ಟೆಯಡಿಗೆ ಸಾಲಾಗಿ ಅಂಟುತ್ತದೆ, ಮರುಳುಮತ್ತಿಯ ಕಾಯಿ ಬಾಲದಲ್ಲಿ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಕಾಡುವುದು ನೆಗ್ಗಿಲು. ಹಳದಿ ಹೂವಿನ ನೆಲಕ್ಕಂಟಿದ ಬಳ್ಳಿ, ನೋಡಲು ಎಷ್ಟು ಸಾಧು! ಅದರ ಕಾಯಿ ಒಣಗಿದರೆ ಯಾವ ಮಗ್ಗುಲಿಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಓಡುತ್ತಿದ್ದ ಕೆಂಚ ಥಟ್ಟನೆ ಮೂರು ಕಾಲಲ್ಲಿ ನಿಲ್ಲುತ್ತಾನೆ. ಕಲ್ಲಿನ ಮೇಲೆ ಕೂತು ಅವನ ಪಾದ ನನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ನಾಲ್ಕು ಬೆರಳಿನ ಮೆತ್ತೆ, ನಡುವೆ ದೊಡ್ಡ ಮೆತ್ತೆ, ಕಪ್ಪಗೆ ಒರಟಾಗಿ ಹಳೆಯ ಚಪ್ಪಲಿಯ ತೊಗಲಿನಂತಿವೆ. ಮೆತ್ತೆಗಳ ಸಂದಿಯ ಚರ್ಮ ಮಾತ್ರ ಗುಲಾಬಿ, ಬೆಚ್ಚಗೆ, ಕೂಸಿನ ಮೈಯಷ್ಟು ಮೃದು. ಮುಳ್ಳು ಸೇರುವುದು ಅಲ್ಲೇ. ಎರಡು ಉಗುರಿನಲ್ಲಿ ಹಿಡಿದು, ಸೇರಿದ ದಿಕ್ಕಿಗೆ ಸರಿಯಾಗಿ ಹಿಂದಕ್ಕೆಳೆಯಬೇಕು. ಅಡ್ಡ ಎಳೆದರೆ ತುದಿ ಒಳಗೇ ಮುರಿಯುತ್ತದೆ. ಅಷ್ಟು ಹೊತ್ತೂ ಅವನು ಮುಖ ಆಚೆ ತಿರುಗಿಸಿ ಕೂತಿರುತ್ತಾನೆ, ಕಾಲು ಎಳೆದುಕೊಳ್ಳುವುದಿಲ್ಲ. ಮುಳ್ಳು ಬಂದ ಮೇಲೆ ಆ ಜಾಗವನ್ನು ಎರಡು ಸಲ ನೆಕ್ಕಿ ಮತ್ತೆ ಓಟ.

ಮನೆಗೆ ಬಂದ ಮೇಲೆ ಉಣ್ಣಿ ನೋಡುವ ಕೆಲಸ. ಕಿವಿಯ ಒಳಮಡಿಕೆ, ಬೆರಳ ಸಂದಿ, ಕೊರಳಪಟ್ಟಿಯ ಕೆಳಗೆ. ಉಣ್ಣಿಯಿಂದ ಬರುವ ಜ್ವರಕ್ಕೆ ಒಳ್ಳೊಳ್ಳೆ ನಾಯಿಗಳು ಈ ಊರಲ್ಲೇ ಸತ್ತಿವೆ. ಹೊಲ ಗುಡ್ಡ ಸುತ್ತುವ ನಾಯಿಯ ಮೈಯನ್ನು ಒಂದು ದಿನವೂ ತಪ್ಪಿಸದೆ ಕೈಯಾಡಿಸಿ ನೋಡಬೇಕು.

ಜಾಲಿ ದಾಟಿ ಇಳಿದರೆ ಹೊಳೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಉದ್ದದ ಹೊಳೆಪಾತ್ರವನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲೆಂದು ಘೋಷಿಸಿತು. ಹಂಪಿ ಆನೆಗೊಂದಿಗಳೂ ಇದೇ ದಾರಿಯಲ್ಲಿ ಬರುತ್ತವೆ. ವಿರೂಪಾಕ್ಷನ ಗೋಪುರ ನೋಡಲು ಬರುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ಈ ಮೀಸಲು ಗೊತ್ತೋ! ನೀರುನಾಯಿಗಳು ಸಂಸಾರ ಸಮೇತ ಓಡಾಡುತ್ತವೆ, ಕೂಡಿ ಮೀನು ಅಟ್ಟುತ್ತವೆ, ಸಿಳ್ಳೆಯಂಥ ದನಿಯಲ್ಲಿ ಒಂದನ್ನೊಂದು ಕರೆಯುತ್ತವೆ. ಮೊದಲು ಅವುಗಳ ಸುಳಿವು ಹಿಡಿದದ್ದು ಕೆಂಚ. ನೀರಿನಂಚಿನ ಚಪ್ಪಟೆ ಬಂಡೆಯೊಂದರ ಮೇಲೆ ಅವನು ಮೂಗು ಊರಿ ಅಲ್ಲಾಡದೆ ನಿಂತ. ಹೋಗಿ ನೋಡಿದರೆ ಒಣಗಿದ ಲದ್ದಿ. ಕಡ್ಡಿಯಲ್ಲಿ ಬಿಡಿಸಿದೆ. ಮೀನಿನ ಹುರುಪೆ ಬೆಳಗಿನ ಬಿಸಿಲಿಗೆ ಹೊಳೆಯಿತು, ನಡುವೆ ಏಡಿಯ ಚಿಪ್ಪಿನ ಕೆಂಪು ಚೂರು, ಸೂಜಿಯಷ್ಟು ಸಣ್ಣ ಮುಳ್ಳುಗಳು. ಅದೇ ಬಂಡೆಯನ್ನೇ ಅವು ಮತ್ತೆ ಮತ್ತೆ ಬಳಸುತ್ತವೆ ಎಂಬುದು ಆಮೇಲೆ ತಿಳಿಯಿತು. ಅಂದಿನಿಂದ ಆ ಬಂಡೆಯ ಹತ್ತಿರ ಕೆಂಚನನ್ನು ಬಿಡುವುದಿಲ್ಲ. ನೂರು ಹೆಜ್ಜೆ ದೂರದಲ್ಲೇ ಹಗ್ಗ ಹಾಕಿ, ಬೇವಿನ ನೆರಳಲ್ಲಿ ಕೂತು ನೋಡುತ್ತೇವೆ. ಕೆಲವು ಬೆಳಗು ನಾಲ್ಕೈದು ತಲೆಗಳು ನೀರಿನ ಮೇಲೆ ಬಂದು ನಮ್ಮನ್ನೂ ನೋಡುತ್ತವೆ. ಮೊಸಳೆಯೂ ಇರುವ ಹೊಳೆ ಇದು, ನಾಯಿಯನ್ನು ನೀರಿಗಿಳಿಸುವ ಮಾತೇ ಇಲ್ಲ. ಮದ್ದು ಸಿಡಿಸಿ ಮೀನು ಹಿಡಿಯುವವರ ಸದ್ದು ಎಂದಾದರೂ ಕೇಳಿದರೆ ಆ ದಿನವೆಲ್ಲ ನನ್ನ ಮನಸ್ಸು ಕದಡಿಹೋಗಿರುತ್ತದೆ. ಆ ಒಂದು ಸದ್ದಿಗೆ ಮೀನಿನ ಮರಿಯೂ ಸಾಯುತ್ತದೆ, ಅದನ್ನು ನಂಬಿದ ನೀರುನಾಯಿಯೂ ಹಸಿಯುತ್ತದೆ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ಹೊತ್ತು. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ಲಕ್ಷ ಕ್ಯೂಸೆಕ್ ನೀರು ಹೊಳೆಗೆ ಬಿಟ್ಟರು. ನಮ್ಮ ಕಾಲುದಾರಿ, ನೀರುನಾಯಿಯ ಬಂಡೆ, ಬೇವಿನ ಬುಡ ಎಲ್ಲ ಕೆಂಪು ನೀರಿನಡಿಗೆ ಹೋದವು. ಕೆಂಚ ಹೊಳೆಯ ಕಡೆ ಒಂದು ಹೆಜ್ಜೆಯೂ ಇಡಲಿಲ್ಲ. ನೆಲದ ನಡುಕ ಅವನ ಕಾಲಿಗೆ ಗೊತ್ತಾಗಿತ್ತೆಂದು ಕಾಣುತ್ತದೆ. ನಾವು ಗುಡ್ಡದ ಕಡೆ ನಡೆದೆವು, ಮೇಲಿಂದ ನೋಡಿದೆವು. ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ಹರಿಯುವ ನೀರಿನಲ್ಲೇ, ಆ ಖಾಲಿ ಕಿಂಡಿಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದ್ದನ್ನು ಇಡೀ ದೇಶ ನೋಡಿತು. ಎಡದಂಡೆ ಕಾಲುವೆಯನ್ನು ನಂಬಿ ಕೊಪ್ಪಳದಿಂದ ರಾಯಚೂರಿನವರೆಗೆ ಭತ್ತ ಹಚ್ಚಿದವರು ಆ ವಾರ ಸರಿಯಾಗಿ ಊಟ ಮಾಡಿರಲಾರರು. ನೀರಿಳಿದ ಮೇಲೆ ದಂಡೆಯ ಜಾಲಿಯ ತುದಿಗಳಲ್ಲಿ ಹರಿದ ಸೀರೆ, ಪ್ಲಾಸ್ಟಿಕ್, ಹುಲ್ಲಿನ ಸಿಂಬೆಗಳು ನೇತಾಡುತ್ತಿದ್ದವು. ಹೂಳು ಮೊಣಕಾಲುದ್ದ. ಕೆಲವೇ ವಾರದಲ್ಲಿ ಆ ಹೂಳಿನ ಮೇಲೆ ಹೊಸ ಹುಲ್ಲು ಎದ್ದಿತು, ನೀರುನಾಯಿಯ ಹೆಜ್ಜೆಯೂ ಮೂಡಿತು.

ಹೂಳಿನ ಮಾತು ಬಂದಿತೆಂದು ಹೇಳುತ್ತೇನೆ. ಕಟ್ಟಿದಾಗ ಈ ಜಲಾಶಯ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಇಂದು ಹಿಡಿಯುವುದು 105.788 ಟಿಎಂಸಿ. ಮೇಲಿನ ಗುಡ್ಡಗಳಲ್ಲಿ ಹುಲ್ಲು, ಗಿಡ ಹೋದಂತೆ ಮಣ್ಣು ಹೊಳೆಗಿಳಿಯುತ್ತದೆ. ಪೊದೆ ಬೆಳೆದ ನೆಲವನ್ನು ಕೆಲಸಕ್ಕೆ ಬಾರದ್ದು ಅನ್ನುವವರು ಈ ಲೆಕ್ಕವನ್ನೂ ಎದುರಿಗಿಟ್ಟುಕೊಳ್ಳಬೇಕು.

ಬೇಸಿಗೆಯ ನಡಿಗೆ ಚಿಕ್ಕದು. ಎಂಟು ಗಂಟೆಗೆಲ್ಲ ಬಂಡೆ ಕಾಯುತ್ತದೆ, ಕೆಂಚನ ಪಾದಕ್ಕೆ ತಡೆಯದು. ಆಗ ನಾವು ಕಾಲುವೆ ಏರಿಯ ಪಕ್ಕದ ಗರಸು ನೆಲದಲ್ಲಿ ಮಾತ್ರ ಓಡಾಡುತ್ತೇವೆ. ಟಿಟ್ಟಿಭ ಮೊಟ್ಟೆಯಿಡುವುದು ಅದೇ ನೆಲದಲ್ಲಿ, ಅದೇ ಕಾಲದಲ್ಲಿ. ಗೂಡಿಲ್ಲ, ಮರೆಯಿಲ್ಲ. ಹರಳುಗಲ್ಲುಗಳ ನಡುವೆ ಒಂದು ಸಣ್ಣ ತಗ್ಗು, ಅದರಲ್ಲಿ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖವಾಗಿ. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆ. ಗುರುತಿಟ್ಟುಕೊಂಡು ಮಾರನೆಯ ದಿನ ಹೋದರೂ ಹುಡುಕಬೇಕು. ಬಿಸಿಲೇರಿದಾಗ ಹಕ್ಕಿ ಕಾಲುವೆಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ನಿಲ್ಲುತ್ತದೆ. ಕಾವು ಕೊಡುವುದಕ್ಕಲ್ಲ, ತಂಪು ಕೊಡುವುದಕ್ಕೆ. ನಲವತ್ತು ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಮೊಟ್ಟೆ ಬೆಂದುಹೋಗದಂತೆ ಕಾಯುವುದೇ ತಾಯ್ತನ. ನಾಯಿಯನ್ನು ಕಂಡರೆ ಗಂಡು ಹೆಣ್ಣು ಎರಡೂ ನೆತ್ತಿಯ ಮೇಲೆ ಎರಗಿ ಚೀರುತ್ತವೆ. ಆ ಹೊತ್ತು ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ. ನಾಯಿ ಬಾಯಿ ಹಾಕದಿದ್ದರೂ ಸುಮ್ಮನೆ ಸುತ್ತ ಓಡಾಡಿದರೆ ಸಾಕು, ಒಂದು ವರ್ಷದ ಸಂಸಾರ ಹಾಳು. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಆ ದಾರಿಯಲ್ಲಿ ಕೆಂಚನ ಹಗ್ಗ ನನ್ನ ಕೈಬಿಟ್ಟು ಹೋಗುವುದಿಲ್ಲ.

ನಾಯಿಯ ಜೊತೆ ನಡೆಯುವವನಿಗೆ ಕನ್ನಡನಾಡಿನ ಹಳೆಯ ನಾಯಿಗಳೂ ಜೊತೆ ಸಿಗುತ್ತವೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರು ಚೋಳರನ್ನು ಗೆದ್ದ ಮೇಲೆ, ಮೆಚ್ಚಿದ ಅರಸ ವೀರ ಮಣಲೇರನಿಗೆ ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡದೊಂದು ಹಂದಿಯ ಮೇಲೆ ಬಿದ್ದು ಅದರೊಂದಿಗೇ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೂ ನಾಯಿಯೂ ಎದುರುಬದುರಾಗಿ ನಿಂತ ಚಿತ್ರ ಅದರ ಮೇಲಿದೆ. ಬೆಂಗಳೂರಿಗೆ ಹೋದವರು ಒಮ್ಮೆ ನೋಡಿ ಬನ್ನಿ.

ನಮಗೆ ಇನ್ನೂ ಹತ್ತಿರದವನು ಮೈಲಾರಲಿಂಗ. ಇದೇ ತುಂಗಭದ್ರೆಯ ಮೇಲ್ದಂಡೆಯಲ್ಲಿ, ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಅವನ ಗುಡಿ. ಅವನ ಜೊತೆ ಕುದುರೆಯಿದೆ, ನಾಯಿಯಿದೆ. ಕರಿ ಕಂಬಳಿ ಹೊದ್ದ ಗೊರವಯ್ಯಗಳು ಭಂಡಾರ ಹಚ್ಚಿಕೊಂಡು, ಏಳುಕೋಟಿ ಎಂದು ಕೂಗಿ, ನಾಯಿಯ ಹಾಗೆ ಬೊಗಳುತ್ತ ದೋಣಿಯೆಂಬ ಪಾತ್ರೆಯೊಳಗಿನ ಎಡೆಗೆ ಬಾಯಿ ಹಾಕುವುದನ್ನು ಈ ಸೀಮೆಯವರೆಲ್ಲ ನೋಡಿದ್ದೇವೆ. ದೇವರ ಮುಂದೆ ಮನುಷ್ಯ ತನ್ನನ್ನು ನಾಯಿ ಎಂದುಕೊಂಡು ನಿಲ್ಲುವುದು ಭಕ್ತಿಯ ಎತ್ತರವೇ ಸರಿ. ಕುರಿ ಕಾಯುವವರ ದೇವರ ಪಕ್ಕದಲ್ಲಿ ನಾಯಿ ಇರದೆ ಮತ್ತಾರು ಇರಬೇಕು?

ಕೆಂಚನನ್ನು ಮನೆಯಲ್ಲಿ ಬಿಟ್ಟು ನಾನೊಬ್ಬನೇ ಹೋದ ಜಾಗವೊಂದಿದೆ. ಗಂಗಾವತಿ ಸೀಮೆಯ ಬಂಕಾಪುರದ ತೋಳಧಾಮ. ಮುನ್ನೂರಕ್ಕೂ ಹೆಚ್ಚು ಎಕರೆ ಕುರುಚಲು, ಬಂಡೆಗಳ ಸಂದಿ, ಗವಿ. ದಟ್ಟ ಕಾಡು ಕಲ್ಪಿಸಿಕೊಂಡು ಹೋದವರಿಗೆ ಅಲ್ಲಿ ನೋಡಲು ಏನೂ ಇಲ್ಲ ಅನ್ನಿಸುತ್ತದೆ. ನಮ್ಮ ಮುನಿರಾಬಾದಿನ ಪಾಳಿನಂತೆಯೇ ಕಾಣುತ್ತದೆ. ಆದರೆ ಭಾರತದ ಬೂದು ತೋಳ ಬಾಳುವುದು ಇಂಥ ಬಯಲಿನಲ್ಲೇ, ದಟ್ಟ ಕಾಡಿನಲ್ಲಲ್ಲ. ಬಯಲಿಗೆ ಕಾವಲು ಕಡಿಮೆ, ಬೆಲೆಯೂ ಕಡಿಮೆ. ಕೃಷಿ, ಲೇಔಟು, ಸೋಲಾರು, ಕಾರ್ಖಾನೆ ಎಲ್ಲಕ್ಕೂ ಮೊದಲು ಹೋಗುವುದು ಇದೇ ನೆಲ. ಪಹಣಿಯಲ್ಲಿ ಖರಾಬು ಎಂದು ಬರೆದಿದ್ದಕ್ಕೆ ಅಷ್ಟು ಅಗ್ಗ.

ಕೆಂಚನನ್ನು ಒಯ್ಯದಿರಲು ಕಾರಣವಿತ್ತು. ನಾಯಿಗಳಲ್ಲಿರುವ ಡಿಸ್ಟೆಂಪರ್ ರೋಗ ತೋಳಕ್ಕೆ, ನರಿಗೆ ಹತ್ತುತ್ತದೆ. ಒಂದು ಗವಿಗೆ ತಗುಲಿದರೆ ಮರಿಗಳೆಲ್ಲ ಹೋಗುತ್ತವೆ. ಹುಚ್ಚುನಾಯಿ ರೋಗವೂ ಹಾಗೆಯೇ ದಾಟುತ್ತದೆ. ನಾಯಿಯೂ ತೋಳವೂ ಕೂಡಿ ಮರಿ ಹಾಕಿದರೆ ತೋಳದ ತಳಿಯೇ ಮಸುಕಾಗುತ್ತ ಬರುತ್ತದೆ. ಹತ್ತಿರದ ನೆಂಟರೇ ಆದ್ದರಿಂದ ಅಪಾಯವೂ ಹತ್ತಿರದ್ದು.

ಅಂದು ತೋಳ ಕಾಣಲಿಲ್ಲ. ಹಳ್ಳದ ಒಣ ಮರಳಿನಲ್ಲಿ ಹೆಜ್ಜೆ ಕಂಡೆ. ದಿನಾ ಕೆಂಚನ ಪಾದ ತೊಡೆಯ ಮೇಲಿಟ್ಟುಕೊಂಡ ನನಗೆ ವ್ಯತ್ಯಾಸ ಒಡನೆ ತಿಳಿಯಿತು. ಗುರುತು ಉದ್ದ, ನಡುವಿನ ಎರಡು ಬೆರಳು ಮುಂದಕ್ಕೆ ಚಾಚಿವೆ. ಕೆಂಚನ ಹೆಜ್ಜೆ ಆಚೀಚೆ ಅಲೆಯುತ್ತದೆ, ವಾಸನೆ ಬಂದಲ್ಲಿ ತಿರುಗುತ್ತದೆ. ಈ ಹೆಜ್ಜೆ ಹಳ್ಳವನ್ನು ಒಂದೇ ಗೆರೆಯಲ್ಲಿ ದಾಟಿತ್ತು. ಮುಂಗಾಲು ಊರಿದಲ್ಲೇ ಹಿಂಗಾಲು ಊರಿದ್ದರಿಂದ ಎರಡು ಕಾಲಿನ ಪ್ರಾಣಿ ನಡೆದುಹೋದಂತಿತ್ತು. ಶಕ್ತಿ ಉಳಿಸಿಕೊಂಡು ರಾತ್ರಿಯೆಲ್ಲ ದೂರ ಸಾಗಬೇಕಾದವರ ನಡಿಗೆ ಅದು.

ಹೊರಗೆ ಬರುವಾಗ ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಸಿಕ್ಕರು. ತಂಬಾಕು ತಿಕ್ಕುತ್ತ ಕೂತಿದ್ದರು, ಪಕ್ಕದಲ್ಲಿ ಕೆಂಚನದೇ ಬಣ್ಣದ ನಾಯಿ. 'ಅಜ್ಜಾರ, ತ್ವಾಳ ಕುರಿ ಹಿಡೀತಾವೇನ್ರಿ?' ಎಂದೆ.

'ಹಿಡೀದ ಏನ್ ಮಾಡ್ತಾವಪ್ಪ? ಅದರ ಹೊಟ್ಟಿಪಾಡು ಅದಕ್ಕ. ಮೊಲ ಇಲ್ಲ, ಹುಲ್ಲೆ ಇಲ್ಲ, ಎಲ್ಲಿ ಹೋಗಬೇಕದು? ನಮ್ಮದೂ ಹೊಟ್ಟಿಪಾಡ ಐತಿ. ಹೋದ ಕುರಿಗೆ ರೊಕ್ಕ ಲಗೂನ ಕೊಟ್ರ ನಾವ್ಯಾಕ ಅದರ ಮ್ಯಾಲ ಹಗಿ ಸಾಧಸ್ತೀವಿ?'

ತೋಳ ಉಳಿಸುವ ಬಗ್ಗೆ ಇದಕ್ಕಿಂತ ನೇರವಾದ ಮಾತನ್ನು ನಾನು ಕೇಳಿಲ್ಲ. ಪರಿಹಾರ ತಡವಾದರೆ ಒಬ್ಬ ಕುರಿಗಾಹಿ ಸತ್ತ ಕುರಿಗೆ ವಿಷ ಸವರುತ್ತಾನೆ. ಅದನ್ನು ತಿಂದು ತೋಳವೂ ಸಾಯುತ್ತದೆ, ನರಿ, ಹದ್ದು, ಅವನದೇ ನಾಯಿಯೂ ಸಾಯುತ್ತವೆ. ಪರಿಹಾರ ಲಗೂ ಬಂದರೆ ಅವನೇ ಆ ನೆಲದ ಕಾವಲುಗಾರ. ಬೇಲಿಗಿಂತ ಮೊದಲು ಸರಿಯಾಗಬೇಕಾದದ್ದು ಈ ವ್ಯವಸ್ಥೆ.

ಆ ಸಂಜೆ ಮನೆಗೆ ಬಂದಾಗ ಕೆಂಚ ನನ್ನ ಚಪ್ಪಲಿ, ಪಂಚೆಯ ಅಂಚು ಬಹಳ ಹೊತ್ತು ಮೂಸಿದ. ಕುತ್ತಿಗೆಯ ಕೂದಲು ಸ್ವಲ್ಪ ಎದ್ದಿತ್ತು. ಅವನ ಅವ್ವ ಎದುರಿಸಿ ನಿಂತ ಪ್ರಾಣಿಯ ಸುದ್ದಿ ಅವನಿಗೆ ಹಾಗೆ ತಲುಪಿತು.

ನಮ್ಮ ಪಾಳಿಗೆ ಕಾರ್ಖಾನೆಗಳ ಕಾಟವೂ ಇದೆ. ಅವುಗಳಿರುವ ಗಿಣಿಗೇರಾ ಕಡೆಯಿಂದ ಗಾಳಿ ಬೀಸಿದ ದಿನ ಜಾಲಿಯ ಎಲೆ ಮುಟ್ಟಿದರೆ ಬೆರಳಿಗೆ ಕಪ್ಪು ಹತ್ತುತ್ತದೆ. ಕಾರ್ಖಾನೆ ವಿಸ್ತರಣೆಯ ವಿರುದ್ಧ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮೀಜಿಯವರೂ ಜನರ ಜೊತೆ ನಿಂತರು. ಅಷ್ಟು ಜನ ಒಂದಾಗಿ ಬೀದಿಗಿಳಿದದ್ದು ಉಸಿರಾಟದ ಪ್ರಶ್ನೆಗೆ. ಊರಿಗೂ ಕಾರ್ಖಾನೆಗೂ ನಡುವೆ ಧೂಳು ತಡೆದು ನಿಂತದ್ದು ಏನಾದರೂ ಇದ್ದರೆ ಅದು ಇದೇ ಕುರುಚಲು. ಅದನ್ನೂ ತೆಗೆದುಬಿಟ್ಟರೆ ಮುಂದಿನ ತಡೆ ನಮ್ಮ ಪುಪ್ಪುಸವೇ.

ನಾಯಿ ಸಾಕಿದವರಲ್ಲಿ, ಪಾಳು ನೆಲದ ಪಕ್ಕದಲ್ಲಿ ಬದುಕುವವರಲ್ಲಿ ನನ್ನದೊಂದು ವಿನಂತಿ. ನಾಯಿಗೆ ಹುಚ್ಚುರೋಗದ ಲಸಿಕೆಯನ್ನೂ ಡಿಸ್ಟೆಂಪರ್ ಲಸಿಕೆಯನ್ನೂ ಪ್ರತಿ ವರ್ಷ ತಪ್ಪದೆ ಹಾಕಿಸಿ. ಹುಚ್ಚುರೋಗದ ಲಸಿಕೆಗೆ ಸರ್ಕಾರಿ ಪಶು ಆಸ್ಪತ್ರೆಗಳು ಸೆಪ್ಟೆಂಬರ್ 28ರ ರೇಬಿಸ್ ದಿನದ ಸುತ್ತಮುತ್ತ ಶಿಬಿರ ನಡೆಸುತ್ತವೆ, ಆ ದಿನ ನೆನಪಿಟ್ಟುಕೊಳ್ಳಿ. ಹಕ್ಕಿ ಮೊಟ್ಟೆಯಿಡುವ ಕಾಲದಲ್ಲಿ, ಹೊಳೆಯ ದಂಡೆಯಲ್ಲಿ, ತೋಳವಿರುವ ಗುಡ್ಡದ ಹತ್ತಿರ ನಾಯಿಗೆ ಹಗ್ಗವಿರಲಿ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಕೊಡುವ ಹುಡುಗರನ್ನು ಕಂಡರೆ ತಡೆಯಿರಿ. ನಿಮ್ಮೂರಿನ ಖರಾಬು ನೆಲ ಯಾವುದೋ ಕಾಮಗಾರಿಗೆ ಹೋಗುತ್ತಿದೆ ಎಂದು ಗ್ರಾಮಸಭೆಯಲ್ಲಿ ಓದಿದಾಗ ಎದ್ದು ನಿಂತು ಕೇಳಿ: ಅಲ್ಲಿ ಯಾರು ಯಾರು ಇದ್ದಾರೆ, ಎಣಿಸಿದ್ದೀರಾ?